ಬ್ಯಾಟರಿ ನೀರಿಗೆ ಹೇಳಿದ್ದು

ನಂಬುವವರು ನಂಬಿ, ನಂಬದವರು ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ: ಕೆಂಡದಂತೆ ಕಾದಿದ್ದ ಕಂಪ್ಯೂಟರೊಂದನ್ನು ನಾನು ನಡುಬೇಸಗೆಯ ಮಟಮಟ ಮಧ್ಯಾಹ್ನ ಬರೀ ಬಾಯಿಂದ ಊದಿ ತಣ್ಣಗೆ ಮಾಡಿದ್ದೇನೆ. ಒಂದೇ ಉಸಿರು. ಊದಿದ ರಭಸಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರು ಪಟಪಟನೆ ಮಗುಚಿಕೊಂಡು ಮುಂದಿನ ವರ್ಷದ ಯುಗಾದಿಯಲ್ಲಿ ಹೋಗಿ ನಿಂತಿತು. ಬೀದಿನಾಯಿಗಳಿಗೆಲ್ಲ ನೆಗಡಿ ಹಿಡಿದು ವಾರಗಟ್ಟಲೆ ಬೊಗಳುವ ಬದಲು ಸೀನುತ್ತಿದ್ದವು. ಎದುರುಮನೆಯವರು ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳಗಳು ಹಾರಿಹೋಗಿ ಪಕ್ಕದೂರಿನ ಮದುವೆ ಊಟದ ಪಂಕ್ತಿಯಲ್ಲಿ ಎಲೆಗೊಂದರಂತೆ ಇಳಿದವು. ಆ ಬೀಗರು ಇವತ್ತಿಗೂ ತಮ್ಮ ಅಡುಗೆಯವನನ್ನು ಹೊಗಳುತ್ತಾರೆ.

ನನ್ನ ಹೆಸರು ತಿಪ್ಪೇಶಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಬರುತ್ತೀರಿ, ಬಸ್ಸಿಳಿದ ಕೂಡಲೇ ಸಾಕಮ್ಮನ ಹೋಟೆಲಿನಲ್ಲಿ ಚಹಾ ಕುಡಿಯಲು ಕೂರುತ್ತೀರಿ, ಅವಳ ಕೆಟಲು ಕುದಿಯುವಷ್ಟರಲ್ಲಿ ನನ್ನ ವಿಷಯ ನನಗಿಂತ ಹೆಚ್ಚು ತಿಳಿದುಕೊಂಡಿರುತ್ತೀರಿ. ಯಾಕೆಂದರೆ ನಮ್ಮೂರಿನಲ್ಲಿ ತಣ್ಣೀರು ಕೇಳಿಸಿಕೊಳ್ಳುತ್ತದೆ, ಬಿಸಿನೀರು ಹೇಳಿಬಿಡುತ್ತದೆ. ಆಡಿದವರ ದನಿಯಲ್ಲೇ, ನಡುವೆ ಕೆಮ್ಮಿದ್ದರೆ ಕೆಮ್ಮನ್ನೂ ಸೇರಿಸಿ.

ಅದಕ್ಕೇ ನಮ್ಮಲ್ಲಿ ನಲ್ಲಿಯ ಹತ್ತಿರ ಜಗಳವಾಗುವುದಿಲ್ಲ. ಜಗಳವಾಡಲೇಬೇಕೆನ್ನುವವರು ಕೊಡ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ದೂರದ ಬೇವಿನ ಮರದ ತನಕ ಜೊತೆಯಾಗಿ ನಡೆದುಹೋಗಿ ಬೈದಾಡಿ ವಾಪಸ್ಸು ಬರುತ್ತಾರೆ. ಬಿಸಿನೀರಿನ ಸ್ನಾನ ಮಾಡುವವರು ಗಂಟಲು ಹರಿಯುವಂತೆ ಹಾಡುತ್ತಾರೆ, ಹಂಡೆಯ ಮಾತು ಹೊರಗೆ ಕೇಳಬಾರದಲ್ಲ. ಹೆಣ್ಣು ಕೊಡುವವರು ಜಾತಕ ಕೇಳುವುದಿಲ್ಲ. ಗಂಡಿನ ಅಡುಗೆಮನೆಯಿಂದ ಒಂದು ತಂಬಿಗೆ ನೀರು ಒಯ್ದು ಒಲೆಯ ಮೇಲಿಡುತ್ತಾರೆ. ಲಾರಿ ಡ್ರೈವರುಗಳು ರೇಡಿಯೇಟರಿಗೆ ನೀರು ಹಾಕುವಾಗ ದೇವರ ನಾಮ ಬಿಟ್ಟು ಬೇರೇನೂ ಉಸುರುವುದಿಲ್ಲ, ಹಾಗಾಗಿ ನಮ್ಮೂರಿನ ಲಾರಿಗಳು ಏರು ಹತ್ತುವಾಗ ಭಜನೆ ಮಾಡುತ್ತವೆ. ತೆರೆದ ಪಾತ್ರೆಯ ನೀರಾದರೆ ಒಂದು ಸಲ ಹೇಳಿ ಹಬೆಯ ಜೊತೆ ಮಾತನ್ನು ಬಿಟ್ಟುಕೊಡುತ್ತದೆ. ಮುಚ್ಚಿದ ರೇಡಿಯೇಟರಿನಲ್ಲಿ ಹಬೆಗೆ ದಾರಿಯಿಲ್ಲ, ಹೇಳಿದ್ದನ್ನೇ ಹೇಳುತ್ತಿರುತ್ತದೆ. ಇನ್ನು ಎದೆಯೊಳಗೆ ಏನಾದರೂ ಕೂತು ಕೊರೆಯುತ್ತಿದ್ದರೆ ಅದನ್ನು ಒಂದು ತಂಬಿಗೆ ನೀರಿಗೆ ಹೇಳಿ ಗಿಡದ ಬುಡಕ್ಕೆ ಸುರಿಯುವುದು ಪದ್ಧತಿ. ಮಣ್ಣು ಈವರೆಗೆ ಯಾರ ಹೆಸರನ್ನೂ ಹೇಳಿಲ್ಲ. ನಮ್ಮ ಹಿತ್ತಲಿನ ಕರಿಬೇವು ಊರಿಗೇ ದೊಡ್ಡದು. ಒಗ್ಗರಣೆಗೆಂದು ಅದರ ಎಲೆ ಕೀಳುವಾಗಲೆಲ್ಲ ನನ್ನ ಹೆಂಡತಿ ಮಂಗಳಾ ಒಮ್ಮೆ ಗಿಡವನ್ನು, ಒಮ್ಮೆ ನನ್ನನ್ನು ನೋಡುತ್ತಾಳೆ.

ನಮ್ಮದು ಮದುವೆ ವಿಡಿಯೋ ಅಂಗಡಿ, ‘ಮಂಗಳಾ ವಿಡಿಯೋಸ್’. ಅಂಗಡಿ ಹೆಸರುವಾಸಿಯಾದ ಮೇಲೆ ಅದರ ಹೆಸರನ್ನೇ ಹೆಂಡತಿಗೂ ಇಟ್ಟೆ ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ಕ್ಯಾಮೆರಾ ನನ್ನ ಹೆಗಲಿನದು, ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬ ನನ್ನ ಸುಪರ್ದಿನದು. ಪರದೆಯ ಮೇಲೆ ನಡೆಯುವುದೆಲ್ಲ ಅವಳದು. ಮದುವೆಗಳ ಕೆಲಸದ ಸಂದಿನಲ್ಲಿ ಎರಡು ವರ್ಷ ಕೂತು ಅವಳು ಒಂದು ಚಿತ್ರ ಬರೆದಿದ್ದಳು. ಒಬ್ಬ ಮುದುಕಿ, ಅವಳಿಗಿಂತ ಮುಂಚೆ ಎದ್ದು ಸಂತೆಗೆ ಹೋಗಿಬಿಡುವ ಅವಳ ನೆರಳು, ಅಷ್ಟೇ ಕಥೆ. ಒಂದೊಂದು ಹೆಜ್ಜೆಯನ್ನೂ ಮೊದಲು ಕಾಗದದ ಮೇಲೆ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ್ದಳು. ನಗರದಲ್ಲಿ ನಡೆಯುವ ಮಕ್ಕಳ ಚಿತ್ರಮೇಳಕ್ಕೆ ಅದನ್ನು ಕಳಿಸಬೇಕೆಂದು ಅವಳ ಆಸೆ, ಕಳಿಸಲು ಬರುವ ಶನಿವಾರ ಸಂಜೆಯೇ ಕೊನೆ. ಉಳಿದಿದ್ದದ್ದು ರೆಂಡರ್ ಒಂದೇ. ಎಂದರೆ ಆ ಬಿಡಿ ಚಿತ್ರಗಳನ್ನೆಲ್ಲ ಕಂಪ್ಯೂಟರು ಒಟ್ಟುಗೂಡಿಸಿ ಓಡುವ ಚಿತ್ರ ಮಾಡಿಕೊಡಬೇಕು. ಅದಕ್ಕದು ಗಂಟೆಗಟ್ಟಲೆ ಬಿಡದೆ ದುಡಿಯಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ.

“ಹೆಂಗಿದೆ ರೀ?” ಎಂದು ಅವಳು ಒಂದು ದಿನ ಅರೆಬರೆ ತುಣುಕುಗಳನ್ನು ತೋರಿಸಿ ಕೇಳಿದ್ದಳು. “ಹೆಂಗಿದೆಯಾ? ಇದನ್ನ ನೋಡಿದ್ರೆ ದೇವೇಂದ್ರ ಸಿಂಹಾಸನ ಬಿಟ್ಟು ಬಂದು, ನಮ್ಮಂಗಡಿ ಬಾಗ್ಲಲ್ಲಿ ಚಪ್ಪಲಿ ಬಿಟ್ಟು ಒಳಗ್ ಬರ್ತಾನೆ!” ಎಂದೆ. ಅವಳು ಪರದೆ ಆರಿಸಿದಳು. “ನಿಮ್ಮನ್ನ ಕೇಳಿದ್ನಲ್ಲ. ಮೊನ್ನೆ ಚಟ್ನೀಗೂ ಇದನ್ನೇ ಹೇಳಿದ್ರಿ.”

ಇದರ ನಡುವೆ ದೊಡ್ಡೇಶನ ಕಾಟ. ಬಸ್‌ಸ್ಟ್ಯಾಂಡಿನ ಆಚೆ ಬದಿಯ ಇನ್ನೊಂದು ವಿಡಿಯೋ ಅಂಗಡಿ ಅವನದು. ಸಾಕಮ್ಮನ ಬೆಂಚಿನ ಮೇಲೆ ಕಾಲು ಮಡಿಸಿ ಕೂತು, “ಹೊಸ ಮಿಷನ್ನು ತಂದಿದೀನಿ ಕಣೋ ತಿಪ್ಪೇಶಿ. ತಾಳಿ ಕಟ್ಟಿ ಊಟಕ್ಕೆ ಕೂರೋಷ್ಟ್ರಲ್ಲಿ ವಿಡಿಯೋ ರೆಡಿ” ಎಂದ. ನನ್ನ ನಾಲಿಗೆ ಸುಮ್ಮನಿರುವಂಥದಲ್ಲ. “ನಂದರಲ್ಲಿ ಮದುವೆಗೆ ಮುಂಚೇನೇ ರೆಡಿ. ಹುಡುಗ ಹುಡುಗಿ ಕೂತು ನೋಡಿ, ಇಷ್ಟ ಆದ್ರೆ ಮದುವೆ ಆಗ್ತಾರೆ” ಎಂದೆ. ಬೆಂಚಿನವರೆಲ್ಲ ನಕ್ಕರು. ಸಾಕಮ್ಮ ನನ್ನ ಮೇಲಿನ ಕರುಣೆಯಿಂದ ನೀರಿನ ಬಕೆಟ್ಟಿಗೆ ತಟ್ಟೆ ಮುಚ್ಚಿದಳು. ದೊಡ್ಡೇಶ ಮಾತ್ರ ನಗದೆ, “ಆಯ್ತು, ಒಂದಿನ ನಿನ್ನಂಗ್ಡಿಗೇ ಬಂದ್ ನೋಡ್ತೀನಿ” ಎಂದು ಎದ್ದುಹೋದ.

ಅದರ ಮಾರನೆಯ ದಿನದಿಂದ ನಮ್ಮ ಕಂಪ್ಯೂಟರು ಕಾಯತೊಡಗಿತು. ಇದು ಓವರ್‌ಕ್ಲಾಕ್ ಆದ ಯಂತ್ರ, ಎಂದರೆ ಮಾಡಿದವರು ಗೊತ್ತುಮಾಡಿದ ವೇಗವನ್ನೂ ಮೀರಿ ಓಡುವಂಥದ್ದು, ಏಳು ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ನಾನು ಊರಿಗೆಲ್ಲ ಸಾರಿದೆ. ಓಡುವ ವೇಗಕ್ಕೆ ಅದರ ಮೈ ಕಾಯುತ್ತಿತ್ತು, ಕಾದು ಕಾದು ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಮಂಗಳಾ ರೆಂಡರಿಗೆ ಹಚ್ಚುವುದು, ಅರ್ಧ ದಾರಿಯಲ್ಲಿ ಪರದೆ ಕಪ್ಪಾಗುವುದು, ಅವಳು ಹಣೆ ಒತ್ತಿಕೊಂಡು ಮತ್ತೆ ಮೊದಲಿನಿಂದ ಹಚ್ಚುವುದು. “ರೀ, ಮೊನ್ನೆ ತನಕ ಇದು ಹಿಂಗಿರ್ಲಿಲ್ಲ. ಸ್ಪೀಡು ಇಳ್ಸೋಕಾಗಲ್ವಾ?” ಎಂದು ಕೇಳಿದಳು. “ಇಳ್ಸೋದಾ? ಕಂಪನಿಯೋರು ನನ್ ಮುಖ ನೋಡಿ, ಇವನಿಗೆ ಇದೇ ಸರಿ ಅಂತ ಹಿಂಗೆ ಕಟ್ಟಿ ಕೊಟ್ಟಿರೋದು. ಹುಟ್ಟಾ ಓಟಗಾರ. ಮೊನ್ನೆ ತನಕ ಮೈಚಳಿ ಬಿಟ್ಟಿರ್ಲಿಲ್ಲ, ಈಗ ಬಿಟ್ಟಿದೆ. ತಣ್ಣಗ್ ಮಾಡ್ಬಹುದು, ಇಳ್ಸೋಕ್ ಬರಲ್ಲ” ಎಂದೆ. ಹೇಳುವಾಗ ನನ್ನ ಕಣ್ಣು ಕ್ಯಾಲೆಂಡರಿನ ಮೇಲಿತ್ತು.

ತಣ್ಣಗೆ ಮಾಡಲು ಎರಡೇ ದಾರಿ: ಗಾಳಿ, ಇಲ್ಲವೇ ನೀರು. ನೀರಿನ ಪಕ್ಷದವನು ಇನಾಯತ್. ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವ ಅವನ ಗ್ಯಾರೇಜು ನಮ್ಮ ಅಂಗಡಿಯ ಗೋಡೆಯಾಚೆಗೇ. ಬಂದವನು ಜ್ವರ ನೋಡುವಂತೆ ಡಬ್ಬದ ಮೇಲೆ ಅಂಗೈಯಿಟ್ಟು, “ಅಣ್ಣಾ, ಸ್ಕೂಟ್ರು ಗಾಳಿಗೆ ಆರುತ್ತೆ. ಯಾಕೆ? ಅದು ಓಡುತ್ತೆ, ಎದುರುಗಾಳಿ ಬಡಿಯುತ್ತೆ. ನಿಮ್ ಡಬ್ಬ ಕೂತಲ್ಲೇ ಓಡೋದು. ಕೂತು ಓಡೋದಕ್ಕೆ ನೀರೇ ಆಗ್ಬೇಕು. ಅದು ಕಾಯೋ ಜಾಗಕ್ಕೆ ಒಂದು ತಾಮ್ರದ ಬಿಲ್ಲೆ ಅಂಟಿಸ್ತೀನಿ, ಅದರೊಳಗೆ ನೀರು ಹರಿಯುತ್ತೆ. ನೀರು ಬಿಸಿ ಹೊತ್ಕೊಂಡು ರೇಡಿಯೇಟರಿಗೆ ಹೋಗುತ್ತೆ, ಅಲ್ಲಿ ಇಳಿಸಿ ತಣ್ಣಗಾಗಿ ವಾಪಸ್ ಬರುತ್ತೆ” ಎಂದ. “ನೀರು! ನನ್ನಂಗಡೀಲಿ! ಅದೂ ಬಿಸಿ ಆಗೋ ನೀರು!” ಎಂದು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ದಿನವಿಡೀ ಗಿರಾಕಿಗಳ ಮುಂದೆ ನಾನು ಏನೇನು ಹೇಳುತ್ತೇನೆಂಬುದು ನನಗೇ ನೆನಪಿರುವುದಿಲ್ಲ. ಇನಾಯತ್‌ಗೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. “ಬ್ಯಾಟ್ರಿ ನೀರು ಹಾಕೋಣ ಬಿಡಣ್ಣ. ಭಟ್ಟಿ ಇಳಿಸಿದ್ದು, ಕಿವುಡು ನೀರು. ಇಷ್ಟು ವರ್ಷ ಅದರ ಮುಂದೆ ಬಾಯಿಗ್ ಬಂದಂಗೆ ಬೈದಿದೀನಿ, ಒಂದ್ಸಲಾನೂ ತಿರುಗಿ ಬೈದಿಲ್ಲ.” ಮನಸ್ಸು ಬದಲಾದರೆ ಇರಲಿ ಎಂದು ಒಂದು ಬಿಳಿ ಕ್ಯಾನಿನ ತುಂಬ ಬ್ಯಾಟರಿ ನೀರು ತಂದು, ಬಾಯಿಗೆ ಚಿಂದಿ ತುರುಕಿ, ನನ್ನ ಕುರ್ಚಿಯ ಕೆಳಗಿಟ್ಟು ಹೋದ. ಬ್ಯಾಟರಿ ನೀರು ಕಿವುಡೆಂದು ನಮ್ಮೂರಿನಲ್ಲಿ ಎಲ್ಲರೂ ನಂಬಿದ್ದರು. ಅದನ್ನು ಒಲೆಯ ಮೇಲಿಟ್ಟು ನೋಡುವಂಥ ಕೆಲಸಗೇಡಿ ಮಾತ್ರ ಊರಿನಲ್ಲಿ ಹುಟ್ಟಿರಲಿಲ್ಲ.

ಗಾಳಿಯ ಪಕ್ಷಕ್ಕೆ ನಾನೇ ನಾಯಕ, ನಾನೇ ಕಾರ್ಯಕರ್ತ. ಗಾಳಿಗೆ ಕಿವಿಯಿಲ್ಲ, ಬಾಯಿಯಿಲ್ಲ, ಕಾಲು ಮಾತ್ರ ಇದೆ. ಹೇಳಿದ್ದನ್ನು ಹೊತ್ತುಕೊಂಡು ಊರು ಬಿಟ್ಟೇ ಹೋಗುತ್ತದೆ. ಇಂಥ ಸಜ್ಜನ ಇನ್ನೊಬ್ಬ ಸಿಗುವುದುಂಟೇ? ಮೊದಲು ನಗರದಿಂದ ಬಸ್ಸಿನಲ್ಲಿ ಬಿಸಿಯನ್ನು ಹೀರಿ ಗಾಳಿಗೆ ಬಿಡುವ, ತಗಡಿನ ಗೋಪುರದಂಥ ಒಂದು ಹೀಟ್‌ಸಿಂಕ್ ತರಿಸಿ, ಅದರ ಎರಡು ಕಡೆ ಫ್ಯಾನು ಸಿಕ್ಕಿಸಿದೆ. ಅದು ತಿರುಗುವ ಸದ್ದಿಗೆ ವಿಮಾನ ಬಂತೆಂದು ಜನ ಮನೆಯಿಂದಾಚೆ ಓಡಿಬಂದರು. ಮಂಗಳಾ ರೆಂಡರಿಗೆ ಹಚ್ಚಿದಳು. ಮುದುಕಿ ಮನೆಯ ಹೊಸಿಲು ದಾಟುವಷ್ಟರಲ್ಲಿ ಪರದೆ ಕಪ್ಪಾಯಿತು. ಡಬ್ಬದ ಪಕ್ಕೆ ಕಳಚಿ ಟೇಬಲ್ ಫ್ಯಾನು ಇಟ್ಟೆ. ಮುದುಕಿ ಕಾಲುದಾರಿ ಮುಟ್ಟಿದಳು, ಕಪ್ಪು. ಒದ್ದೆ ಗೋಣಿತಾಟು ಕಿಟಕಿಗೆ ಕಟ್ಟಿ, ಛಾವಣಿಯ ಫ್ಯಾನು, ಟೇಬಲ್ ಫ್ಯಾನು, ಗೋಪುರದ ಫ್ಯಾನು ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ಮುದುಕಿ ಸಂತೆಯ ದಾರಿಯ ಹುಣಸೆಮರದ ತನಕ ಹೋದಳು, ಅಲ್ಲಿ ಕತ್ತಲಾಯಿತು. ಆ ವಾರ ನಾನು ಕೂತರೆ ಕುರ್ಚಿ ಚುಚ್ಚುತ್ತಿತ್ತು, ನಿಂತರೆ ನೆಲ ಸುಡುತ್ತಿತ್ತು. ಅನ್ನ ಸೇರಲಿಲ್ಲ. ಸೇರಲಿಲ್ಲವೆಂದರೆ ಮೂರನೆಯ ಸಲ ಬಡಿಸಿಕೊ‌ಳ್ಳುತ್ತಿರಲಿಲ್ಲ. ಸಾಕಮ್ಮನ ಹೋಟೆಲಿನಲ್ಲಿ ಊರು ಎರಡು ಪಾಲಾಗಿ, ಗಾಳಿಯವರು ಒಂದು ಬೆಂಚು, ನೀರಿನವರು ಇನ್ನೊಂದು ಬೆಂಚು ಹಿಡಿದು ಕೂತಿದ್ದರು. ನಾನು ಎರಡು ಬೆಂಚಿಗೂ ಹೇಳಿದೆ: “ಶನಿವಾರ ಬನ್ನಿ. ಎಲ್ಲರ ಕಣ್ಮುಂದೇನೇ ಓಡಿಸಿ ತೋರಿಸ್ತೀನಿ. ದೊಡ್ಡೇಶನಿಗೂ ಹೇಳಿ.” ಯಾಕೆ ಹೇಳಿದೆ ಎಂದು ಕೇಳಬೇಡಿ. ಬಾಯಿ ತೆರೆದಿತ್ತು, ಮಾತು ಹೊರಗೆ ಬಂತು.

ಅದು ಶುಕ್ರವಾರ ಮಧ್ಯಾಹ್ನ. ಹುಣಸೆಮರದ ಹತ್ತಿರ ಪರದೆ ಕಪ್ಪಾದ ಮೇಲೆ ಮಂಗಳಾ ಊಟಕ್ಕೆ ಹೋದಳು. ನಾನು ಅವಳ ಕುರ್ಚಿಯಲ್ಲಿ ಕೂತು, ಡಬ್ಬ ತಣ್ಣಗಾದ ಮೇಲೆ, ಅವಳು ಮಾಡಿಟ್ಟ ತುಣುಕುಗಳನ್ನೆಲ್ಲ ಒಂದಾದ ಮೇಲೊಂದು ನೋಡಿದೆ. ನೋಡಿ ಮುಗಿಸಿದಾಗ ಎದೆಯೊಳಗೆ ಏನೋ ಕೂತುಬಿಟ್ಟಿತ್ತು, ಮನೆಯ ಕರಿಬೇವಿನ ತನಕ ಹೊತ್ತುಕೊಂಡು ಹೋಗುವಂತಿರಲಿಲ್ಲ. ಪಕ್ಕದ ನನ್ನ ಕುರ್ಚಿಯ ಕೆಳಗೆ ಕಿವುಡು ನೀರಿನ ಕ್ಯಾನು ಇತ್ತು. ಚಿಂದಿ ತೆಗೆದು, ಅದರ ಬಾಯಿಗೆ ಬಾಯಿಟ್ಟು ಹೇಳಿದೆ. ಏನು ಹೇಳಿದೆ ಎಂಬುದು ನಿಮಗೆ ಬೇಡದ ವಿಷಯ. ಚಿಂದಿಯನ್ನು ಮತ್ತೆ ತುರುಕಿ, ಬೆವರು ಒರೆಸಿಕೊಂಡು, ಅಕ್ಕಿಗಿರಣಿಗೆ ಹೋದೆ.

ಗಿರಣಿಯಲ್ಲಿ ಹೊಟ್ಟು ತೂರುವ ದೊಡ್ಡ ಫ್ಯಾನು ಇದೆ. ಅದನ್ನು ಗಾಡಿಯ ಮೇಲೆ ಹೇರಿಸಿಕೊಂಡು ಬಂದು, ಅಂಗಡಿಯ ಬಾಗಿಲಿಗೆ ಎದುರಾಗಿ ನಿಲ್ಲಿಸಿ, “ನೋಡಿಲ್ಲಿ!” ಎಂದು ಸ್ವಿಚ್ಚು ಒತ್ತಿದೆ. ಕಂಪ್ಯೂಟರಿಗೆ ಏನಾಯಿತೋ ನಾನು ನೋಡಲಿಲ್ಲ. ಕಪಾಟಿನ ಮೇಲಿದ್ದ ಮಂಗಳಾಳ ಕಾಗದಗಳು, ಮುದುಕಿಯ ಒಂದೊಂದು ಹೆಜ್ಜೆ, ಹಿಂಬಾಗಿಲಿನಿಂದ ಬೀದಿಗೆ ಹಾರಿದವು. ಚರಂಡಿಗೆ ಬಿದ್ದವು, ಬಸ್ಸಿನ ಗಾಜಿಗೆ ಅಂಟಿಕೊಂಡು ಹೋದವು. ಊಟ ಮುಗಿಸಿ ಬರುತ್ತಿದ್ದ ಮಂಗಳಾ ಬೀದಿಯ ಆ ತುದಿಯಲ್ಲೇ ಬಗ್ಗಿ ಒಂದೊಂದನ್ನೇ ಆರಿಸತೊಡಗಿದಳು. ನಾನೂ ಆರಿಸಿದೆ, ಇನಾಯತ್ ಸ್ಪ್ಯಾನರು ಬಿಸಾಡಿ ಬಂದು ಆರಿಸಿದ. ಅವಳ ಕೈಯಲ್ಲಿದ್ದ ಮೇಲಿನ ಹಾಳೆಯ ಮೇಲೆ ಸೈಕಲ್ಲಿನ ಗಾಲಿಯ ಗುರುತು ಮೂಡಿತ್ತು. ಮುದುಕಿ ಹುಣಸೆಮರದ ಕೆಳಗೆ ಕೂತು ತನ್ನ ನೆರಳಿಗಾಗಿ ಕಾಯುವ ಹಾಳೆ. ಅದನ್ನು ಸೆರಗಿನಿಂದ ಒರೆಸಿ, “ಗಾಳಿ ಸಾಕು ರೀ” ಎಂದಳು. ಆಮೇಲೆ ನನ್ನನ್ನು ನೋಡದೆ, “ಇನಾಯತಣ್ಣ, ನೀರು ಹಾಕ್ಬಿಡಿ” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು.

ಇನಾಯತ್ ಆ ಸಂಜೆಯೆಲ್ಲ ಕೂತು ಕಟ್ಟಿದ. ತಾಮ್ರದ ಬಿಲ್ಲೆಯನ್ನು ತಾನೇ ಬೆಸುಗೆ ಹಾಕಿದ. ಹಳೆಯ ಕಾರಿನ ಚಿಕ್ಕ ರೇಡಿಯೇಟರೊಂದನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಮೀನಿನ ತೊಟ್ಟಿಯ ಪಂಪಿನಿಂದ ಅದಕ್ಕೆ ಪೈಪು ಎಳೆದು, ಎದುರಿಗೆ ನನ್ನ ಟೇಬಲ್ ಫ್ಯಾನು ಇಟ್ಟ. ಎಲ್ಲ ಮುಗಿಸಿ ಬಗ್ಗಿ ನನ್ನ ಕುರ್ಚಿಯ ಕೆಳಗೆ ಕೈ ಹಾಕಿದ. “ಅದು ಬೇಡ ಇನಾಯತ್, ಹಳೇದಾಯ್ತು. ಬೇರೆ ತಗೊಂಡ್ ಬಾ” ಎಂದೆ. “ನೀರಿಗೆ ಹಳೇದು ಹೊಸದು ಏನಣ್ಣ?” “ಧೂಳು ಬಿದ್ದಿದೆ.” ಅವನು ಕ್ಯಾನನ್ನು ಬೆಳಕಿಗೆ ಹಿಡಿದ. “ಕಣ್ಣೀರಿಗಿಂತ ಚೊಕ್ಕಾಗಿದೆ.” “ಇಲ್ಲಾ, ನನಗೆ ಅದರ ಬಣ್ಣ ಹಿಡಿಸ್ಲಿಲ್ಲ!” ಮಂಗಳಾ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. “ಯಾಕ್ರೀ? ಅದಕ್ಕೇನಾದ್ರೂ ಹೇಳಿದೀರಾ?” ಎಂದಳು. “ನಾನಾ? ಕಿವುಡು ನೀರಿಗಾ? ನನಗೇನು ಹುಚ್ಚಾ?” ಎಂದು ನಕ್ಕೆ. ಗಳಗಳನೆ ಸದ್ದು ಮಾಡುತ್ತ ನನ್ನ ಮಾತು ಪೈಪಿನೊಳಗೆ ಇಳಿಯಿತು. ಕಿವುಡು ಅಂದರೆ ಕಿವುಡೇ, ಎಲ್ಲರೂ ಹೇಳುತ್ತಾರಲ್ಲ, ಎಂದು ನಾನು ನನಗೇ ಹೇಳಿಕೊಂಡೆ. ಮಲಗಿದಲ್ಲೂ ಅದನ್ನೇ ಹೇಳಿಕೊಂಡೆ.

ಶನಿವಾರ ಬೆಳಗಿನ ತಿಂಡಿ ಮುಗಿಸಿ ಎರಡೂ ಬೆಂಚಿನವರು ಬಂದರು. ಒಳಗೆ ಜಾಗ ಸಾಲದೆ ಕಿಟಕಿಯಲ್ಲಿ ಮುಖಗಳು ಜೋತುಬಿದ್ದವು. ಸಾಕಮ್ಮ ಅಕ್ಕಿ ಆರಿಸುವ ಮೊರವನ್ನು ಮಡಿಲಲ್ಲಿಟ್ಟುಕೊಂಡೇ ಬಂದು ಬಾಗಿಲಲ್ಲಿ ಕೂತಳು. ದೊಡ್ಡೇಶ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮುಂದೆ ನಿಂತ. ಮಂಗಳಾ ಯಾರ ಕಡೆಗೂ ನೋಡದೆ ರೆಂಡರಿಗೆ ಹಚ್ಚಿದಳು. ಪಂಪು ಗುಂಯ್ಗುಟ್ಟಿತು. ಮುದುಕಿ ಹೊಸಿಲು ದಾಟಿದಳು, ಕಾಲುದಾರಿ ಮುಟ್ಟಿದಳು, ಹುಣಸೆಮರ ಬಂತು, ಹುಣಸೆಮರ ಹೋಯಿತು. ಪರದೆ ಬೆಳಗುತ್ತಲೇ ಇತ್ತು. “ನೀರು ಗೆಲ್ತು!” ಎಂದು ಒಂದು ಬೆಂಚು ಕೂಗಿತು. “ನಾನೇ ಹೇಳಿರ್ಲಿಲ್ವಾ?” ಎಂದು ನಾನು ಎರಡೂ ಕೈಯೆತ್ತಿದೆ. “ಈ ನೀರಿನ ಐಡಿಯಾ ನಂದೇ! ಕಂಪನಿಯೋರೇ ಫೋನ್ ಮಾಡಿ, ತಿಪ್ಪೇಶಿಯವರೇ, ನಮಗೂ ಸ್ವಲ್ಪ ಹೇಳ್ಕೊಡಿ ಅಂದ್ರು!” ಆಗ ರೇಡಿಯೇಟರು ಕೆಮ್ಮಿತು.

ಅದು ನನ್ನ ಕೆಮ್ಮು. ಯಾರಿಗೂ ಅನುಮಾನ ಬರಲಿಲ್ಲ, ಊರಿಗೆ ಊರೇ ಗುರುತು ಹಿಡಿಯುವ ಕೆಮ್ಮು ಅದು. ಬಾವಿಯ ತಳದಿಂದ ಬಂದಂತೆ ನನ್ನ ದನಿ ಶುರುವಾಯಿತು: “ಕೇಳು ಕಿವುಡಪ್ಪಾ. ಕಂಪನಿಯೋರು ಏನೂ ಮಾಡಿಲ್ಲ. ದೊಡ್ಡೇಶನ ಮುಂದೆ ಜಂಬ ಕೊಚ್ಕೊಂಡ್ ಬಂದು, ಆವತ್ತು ಸಾಯಂಕಾಲ ಸ್ಪೀಡು ಏರಿಸಿದ್ದು ನಾನೇ. ಎಂಥದೋ ನೀಲಿ ಪರದೆ ಬಂತು, ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂತ ಒತ್ತಿದೆ. ಮೊದಲಿನಂಗೆ ಮಾಡೋಕೆ ಒಂದು ಜಾಗ ಇದೆ ಅದರಲ್ಲಿ. ಹೋಗಿ ಒತ್ತಿದ್ರೆ, ‘ಖಂಡಿತಾನಾ?’ ಅಂತ ಕೇಳ್ತು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನ ಹಂಗೆ ಕೇಳಿರ್ಲಿಲ್ಲ. ಭಯ ಆಯ್ತು, ಮುಚ್ಚಿ ಬಂದೆ. ಇದಕ್ಕೆ ಗಾಳೀನೂ ಬೇಡ, ನೀರೂ ಬೇಡ. ನಾನು ಮಂಗಳಾಗೆ ಒಂದ್ ಮಾತು ಹೇಳಿದ್ರೆ ಸಾಕಿತ್ತು.”

“ಇದು ನನ್ನ ದನಿ ಅಲ್ಲ!” ಎಂದು ನಾನು ಕೂಗಿದೆ. “ದೊಡ್ಡೇಶ ನನ್ನಂಗೆ ಮಿಮಿಕ್ರಿ ಮಾಡಿ ತುಂಬಿಸಿದಾನೆ!” ನೀರು ನನ್ನಂತೆಯೇ ಮತ್ತೊಮ್ಮೆ ಕೆಮ್ಮಿತು. ಸ್ನಾನದ ಮನೆಯಲ್ಲಿ ಹಾಡುವಂತೆ ಜೋರಾಗಿ ಹಾಡಲು ನೋಡಿದೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ಉಳಿದದ್ದು ಒಂದೇ ದಾರಿ, ಗೋಡೆಯ ಮೇಲಿನ ಸ್ವಿಚ್ಚು. ಒತ್ತಿದರೆ ಪಂಪೂ ಕಂಪ್ಯೂಟರೂ ನಿಲ್ಲುತ್ತವೆ, ನೀರು ಆರುತ್ತದೆ, ನನ್ನ ದನಿ ಅಡಗುತ್ತದೆ. ಕೈ ಅಲ್ಲಿಗೆ ಹೋಯಿತು, ಬೆರಳು ತಾಗಿತು. ಪರದೆಯ ಮೇಲೆ ರೆಂಡರು ಅರ್ಧ ದಾಟಿತ್ತು. ಮಂಗಳಾ ಕುರ್ಚಿಯಿಂದ ಏಳಲಿಲ್ಲ, ಓಡಿಬಂದು ನನ್ನ ಕೈ ಹಿಡಿಯಲಿಲ್ಲ. ಆರಿಸಿದ ಕಾಗದಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬೆರಳನ್ನೇ ನೋಡುತ್ತಿದ್ದಳು. ಆ ನೋಟಕ್ಕಿಂತ ಊರೆಲ್ಲ ನಗುವುದೇ ವಾಸಿ ಎನ್ನಿಸಿ ಕೈ ಕೆಳಗೆ ಬಿಟ್ಟೆ.

“ಅಕ್ಕಾ, ಇಷ್ಟೇ ವಿಷಯ ಆಗಿದ್ರೆ ಈಗ್ಲೇ ಸ್ಪೀಡು ಇಳಿಸಿಬಿಡೋಣ” ಎಂದು ಇನಾಯತ್ ಮೆಲ್ಲಗೆ ಹೇಳಿದ. “ಇಳಿಸ್ಬೇಕಂದ್ರೆ ನಿಲ್ಲಿಸ್ಬೇಕು ಇನಾಯತಣ್ಣ. ನಿಲ್ಲಿಸಿದ್ರೆ ಮತ್ತೆ ಮೊದಲಿಂದ. ಸಾಯಂಕಾಲದೊಳಗೆ ಆಗಲ್ಲ. ನಡೀಲಿ” ಎಂದಳು. “ಇದನ್ನ ಕೇಳ್ತಾನೇ ಇರ್ಬೇಕಾಗುತ್ತಲ್ಲ ಅಕ್ಕಾ, ಮುಚ್ಚಿದ ನೀರು.” “ಕೇಳೋಣ.” ಇನಾಯತ್ ತಲೆ ಕೆರೆದುಕೊಂಡು, “ಹೌದು, ಬ್ಯಾಟ್ರೀಲಿ ಅದನ್ನ ಯಾರೂ ಕಾಯಿಸ್ತಿರ್ಲಿಲ್ಲ ನೋಡಿ, ಅದಕ್ಕೇ ಕಿವುಡು ಅಂದ್ಕೊಂಡಿದ್ವಿ” ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಅದು ಕಂಪ್ಯೂಟರು ಮತ್ತು ಪಂಪಿನ ಭಾರ ಮಾತ್ರ ಹೊರುವಂಥದ್ದು. ರೇಡಿಯೇಟರಿಗೆ ಹಿಡಿದಿದ್ದ ಟೇಬಲ್ ಫ್ಯಾನು ಸುತ್ತುವುದನ್ನು ನಿಲ್ಲಿಸಿತು. ಇನಾಯತ್ ರೇಡಿಯೇಟರ್ ಮುಟ್ಟಿ ಕೈ ಹಿಂದೆಗೆದುಕೊಂಡ. “ನೀರು ಬಿಸಿ ಹೊತ್ಕೊಂಡು ಬರುತ್ತೆ ಅಷ್ಟೇ ಅಣ್ಣಾ. ಇಲ್ಲಿ ಇಳಿಸ್ಕೊಳ್ಳೋಕೆ ಗಾಳಿ ಬೇಕು. ಇಲ್ದಿದ್ರೆ ಇದೂ ಕಪ್ಪಾಗುತ್ತೆ.” ಎರಡು ಬೆಂಚಿನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳಾ ಎದ್ದುಹೋಗಿ ಸಾಕಮ್ಮನ ಮಡಿಲಿನ ಮೊರ ಇಸಿದುಕೊಂಡು ನನ್ನ ಕೈಗಿಟ್ಟು, ಒಂದೇ ಮಾತು ಹೇಳಿದಳು: “ಬೀಸಿ.”

ಬೀಸಿದೆ. ರೇಡಿಯೇಟರಿನ ಎದುರು ಮಂಡಿಯೂರಿ ಕೂತು, ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಎರಡೂ ಕೈ. ಬೀಸಿದ ಗಾಳಿ ರೇಡಿಯೇಟರಿಗೆ ಬಡಿದು ಬಿಸಿಯಾಗಿ ನನ್ನ ಮುಖಕ್ಕೇ ತಿರುಗಿ ಬರುತ್ತಿತ್ತು, ಅದರೊಳಗೆ ನನ್ನದೇ ದನಿ: ಸ್ಪೀಡು ಏರಿಸಿದ್ದು ನಾನೇ, ಏರಿಸಿದ್ದು ನಾನೇ. ಮೊದಲ ಸಲಕ್ಕೆ ಜನ ನಕ್ಕರು, ಎರಡನೆಯ ಸಲಕ್ಕೆ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕೆಮ್ಮಿಗೆ ಸರಿಯಾಗಿ ತಾವೂ ಕೆಮ್ಮಿ, ಮುಂದಿನದನ್ನು ಪ್ರಾರ್ಥನೆಯಂತೆ ಒಟ್ಟಿಗೆ ಹೇಳತೊಡಗಿದರು. “ನಿನ್ನ ನೀರು ನಿನಗಿಂತ ಚೆನ್ನಾಗಿ ಮಾತಾಡುತ್ತೆ ಕಣೋ” ಎಂದು ದೊಡ್ಡೇಶ ನನ್ನ ಬೆನ್ನು ತಟ್ಟಿದ. ನಾನು ಮೊರವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ. ಬಿಸಿಲು ಇಳಿಯುತ್ತ ಬಂದಂತೆ ಅವರಿಗೂ ಬೇಸರವಾಯಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಸಾಕಮ್ಮ ಮೊರ ಆಮೇಲೆ ಕೊಟ್ಟು ಕಳಿಸಿ ಎಂದು ಹೋದಳು.

ಜನ ಕರಗಿದ ಮೇಲೆ ನೀರು ಇನ್ನಷ್ಟು ಬಿಸಿಯಾಗಿರಬೇಕು, ಅಥವಾ ಗದ್ದಲವಿಲ್ಲದ್ದಕ್ಕೆ ಈಗ ಕೇಳಿಸಿತೋ. ‘ಒಂದ್ ಮಾತು ಹೇಳಿದ್ರೆ ಸಾಕಿತ್ತು’ ಎಂದ ಮೇಲೆ ನನ್ನ ದನಿ ನಿಲ್ಲಲಿಲ್ಲ. ತಗ್ಗಿದ ದನಿಯಲ್ಲಿ, ಪೈಪಿನೊಳಗೆ ಪಿಸುಗುಟ್ಟುವಂತೆ ಮುಂದುವರಿಯಿತು. ನಾನು ಹೇಳಿ ಮರೆತೇಬಿಟ್ಟಿದ್ದ ಮಾತು ಅದು. “ಇವತ್ತು ಅವಳ ಚಿತ್ರ ನೋಡ್ದೆ. ಸಂತೇದು ಸ್ವಲ್ಪ ಉದ್ದ ಆಯ್ತು. ಆ ಮುದುಕಿ ಮರದ ಕೆಳಗೆ ಕೂತು ನೆರಳಿಗೆ ಕಾಯ್ತಾಳಲ್ಲ, ಅದು ಚೆನ್ನಾಗಿದೆ. ನೆರಳು ಬಂದಾಗ ಪಕ್ಕಕ್ಕೆ ಸರಿದು ಜಾಗ ಬಿಡ್ತಾಳೆ. ನಂಗೆ ಅಳು ಬಂತು. ಅವಳಿಗೆ ಹೆಂಗೆ ಹೇಳೋದು? ನಾನ್ ಹೇಳಿದ್ರೆ ಅವಳು ನಂಬಲ್ಲ.”

ಮೊರ ನನ್ನ ಕೈಯಲ್ಲೇ ನಿಂತಿತು. “ನಿಲ್ಲಿಸ್ಬೇಡಿ” ಎಂದಳು ಮಂಗಳಾ. ಪರದೆ ಬಿಟ್ಟು ಎದ್ದು ಬಂದು, ರೇಡಿಯೇಟರಿನ ಆ ಬದಿಗೆ ನೆಲದ ಮೇಲೆ ಕೂತು, ಕಿವಿ ಹತ್ತಿರ ತಂದಳು. ಮತ್ತೆ ಕೆಮ್ಮು, ಮತ್ತೆ ದೊಡ್ಡೇಶ, ಮತ್ತೆ ನೀಲಿ ಪರದೆ, ಮತ್ತೆ ಆ ಪಿಸುಮಾತು. ಸಂಜೆ ಅದೆಷ್ಟು ಸಲ ಕೇಳಿದಳೋ. ನಡುವೆ ಒಮ್ಮೆ ಮಾತ್ರ, “ಸಂತೇದು ಉದ್ದ ಆಯ್ತಾ?” ಎಂದಳು. “ಸ್ವಲ್ಪ” ಎಂದೆ. “ನಂಗೂ ಹಂಗೇ ಅನ್ಸಿತ್ತು” ಎಂದಳು.

ಹೊತ್ತು ಮುಳುಗುವ ಮುಂಚೆ ರೆಂಡರು ಮುಗಿಯಿತು. ಮೇಳದವರಿಗೆ ಕಳಿಸಿದಳು, ಸಿಕ್ಕಿತೆಂದು ಅವರಿಂದ ಉತ್ತರವೂ ಬಂತು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಆ ನೀಲಿ ಪರದೆಗೆ ಹೋಗಿ” ಎಂದಳು. ಹೋದೆ. ಮೊದಲಿನ ವೇಗಕ್ಕೆ ತರುವ ಜಾಗದಲ್ಲಿ ಒತ್ತಿದೆ. ಖಂಡಿತಾನಾ ಎಂದು ಕೇಳಿತು. ನಾನು ಅವಳ ಮುಖ ನೋಡಿದೆ. “ನನ್ನನ್ನಲ್ಲ ಕೇಳ್ತಿರೋದು” ಎಂದಳು. ಹೌದು ಎಂದು ಒತ್ತಿದೆ. ಡಬ್ಬದೊಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ ಫ್ಯಾನುಗಳೆಲ್ಲ ಮೆತ್ತಗಾದವು. ಅವತ್ತಿನಿಂದ ಅದಕ್ಕೆ ಗಾಳಿಯೂ ಬೇಕಾಗಿಲ್ಲ, ನೀರೂ ಬೇಕಾಗಿಲ್ಲ. ಇನಾಯತ್ ತನ್ನ ರೇಡಿಯೇಟರು ಬಿಚ್ಚಿಕೊಂಡು ಹೋದ. ಅದರೊಳಗಿನ ನೀರನ್ನು ಚೆಲ್ಲಲು ಮಂಗಳಾ ಬಿಡಲಿಲ್ಲ. ಒಂದು ಗಾಜಿನ ಬಾಟಲಿಗೆ ಇಳಿಸಿಕೊಂಡು, ಬಿರಡೆ ಬಿಗಿದು, ಅಂಗಡಿಯ ಕಪಾಟಿನ ಮೇಲಿಟ್ಟಿದ್ದಾಳೆ. ಇದನ್ನು ನಾನು ಬರೆಯುತ್ತಿರುವುದು ಆ ಕಪಾಟಿನ ಕೆಳಗೆ ಕೂತು. ಈಗ ಅವಳು ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಮೊದಲ ಪುಟ ಓದಿದಳು. ಬಾಟಲಿ ಕೈಗೆ ತೆಗೆದುಕೊಂಡು ಚಹಾದ ಸ್ಟವ್ ಕಡೆ ಹೊರಟಿದ್ದಾಳೆ.

ಸರಿ, ಸರಿ. ಬಾಯಿಂದ ಊದಲಿಲ್ಲ, ಮೊರದಿಂದ ಬೀಸಿದೆ. ನಾಯಿಗಳಿಗೆ ನೆಗಡಿ ಆಗಲಿಲ್ಲ. ಕ್ಯಾಲೆಂಡರು ಮೊಳೆ ಸಡಿಲವಾಗಿ ಮುಂಚೆಯೇ ಬಿದ್ದಿತ್ತು. ಹಪ್ಪಳಗಳನ್ನು ಎದುರುಮನೆಯವರೇ ಸಾಯಂಕಾಲ ಎತ್ತಿಟ್ಟುಕೊಂಡರು. ಹಾರಿದ್ದು ಮಂಗಳಾಳ ಕಾಗದಗಳು ಮಾತ್ರ, ಹಾರಿಸಿದವನು ನಾನು. ಇಷ್ಟರಲ್ಲಿ ಒಂದು ಮಾತ್ರ ಮೊದಲಿನಿಂದಲೂ ನಿಜ: ಆ ಮುದುಕಿ ಪಕ್ಕಕ್ಕೆ ಸರಿದು ನೆರಳಿಗೆ ಜಾಗ ಬಿಡುವಾಗ ನನಗೆ ಅಳು ಬಂದದ್ದು. ಎಷ್ಟು ಅತ್ತೆನೆಂದರೆ ಅಂಗಡಿಯಲ್ಲಿ ಮೊಣಕಾಲುದ್ದ ನೀರು ನಿಂತು, ಕುರ್ಚಿಗಳು ತೇಲಿಕೊಂಡು ಬಸ್‌ಸ್ಟ್ಯಾಂಡಿನ ತನಕ... ಬೇಡ ಮಂಗಳಾ, ಬಾಟ್ಲಿ ಕೆಳಗಿಡು. ಎರಡು ಹನಿ.